ಬುತ್ತಿ ಎತ್ತಿದ ಕಟ್ಟೆ

ನೀರಲಕೋಟೆಗೆ ಬರುವ ಪ್ರವಾಸಿಗರು ನಮ್ಮ ಊರಿಗೆ ಕೊಡುವುದು ಒಂದೇ ಹಗಲು. ಬೆಳಿಗ್ಗೆ ಎಂಟರ ಬಸ್ಸಿಗೆ ಇಳಿಯುತ್ತಾರೆ, ಆನೆಬಾಗಿಲು ನೋಡುತ್ತಾರೆ, ಗೋಪುರದ ಎದುರು ಫೋಟೋ ತೆಗೆಸಿಕೊಳ್ಳುತ್ತಾರೆ, ಪೇಟೆಯಲ್ಲಿ ಗಿರ್ಮಿಟ್ಟು, ಮಿರ್ಚಿ ತಿಂದು ಬಾಯಿ ಸುಟ್ಟುಕೊಳ್ಳುತ್ತಾರೆ, ಮಧ್ಯಾಹ್ನ ಖಾನಾವಳಿಯಲ್ಲಿ ರೊಟ್ಟಿ, ಎಣ್ಣೆಗಾಯಿ ಉಂಡು ಸಂಜೆ ಐದರ ಬಸ್ಸಿಗೆ ಓಟ ಕೀಳುತ್ತಾರೆ. ಹೋಗಲಿ ಬಿಡಿ, ಅವರವರ ಅವಸರ ಅವರವರಿಗೆ. ಆದರೆ ಇಲ್ಲಿಯ ಖಾನಾವಳಿಗಳಲ್ಲಿ ಒಂದು ಪದ್ಧತಿ ಇದೆ. ನೀವು ಮನೆಗೆ ಒಯ್ಯಲು ಮಾದಲಿ ಕೇಳಿದರೆ, ಎಲೆ ಹಾಕುವ ಮೊದಲೇ ಆ ಬೆಲ್ಲ ಬೆರೆತ ಗೋಧಿ ಸಿಹಿಯ ಪೊಟ್ಟಣವನ್ನು ನಿಮ್ಮ ಕೈಗಿಟ್ಟು ಬಿಡುತ್ತಾರೆ. ಬಡಿಸುವುದು ಆಮೇಲೆ. "ಊಟಾನೇ ಆಗಿಲ್ಲ, ಪಾರ್ಸೆಲ್ ಯಾಕ್ರೀ? ಎಬ್ಬಿಸಿ ಕಳಿಸೋ ಉಪಾಯನಾ?" ಎಂದು ಕೆಲವರು ಜಗಳಕ್ಕೇ ನಿಲ್ಲುತ್ತಾರೆ. ಅಂಥವರನ್ನು ನಾನು ಹೊಳೆಯ ದಂಡೆಗೆ ಕರೆದೊಯ್ದು ಬುತ್ತಿ ಎತ್ತಿದ ಕಟ್ಟೆಯನ್ನು ತೋರಿಸುತ್ತೇನೆ. ನಮ್ಮದು ಅಂಬಿಗರ ಮನೆತನ. ಈ ಕಥೆಯಲ್ಲಿ ನಮ್ಮ ಹಿರಿಯನೊಬ್ಬನ ಪಾಲೂ ಇರುವುದರಿಂದ ಇದನ್ನು ಹೇಳುವುದು ನನಗೆ ಅಷ್ಟು ಸುಲಭವಲ್ಲ.

ಹಿಂದೆ ಒಮ್ಮೆ, ಹೊಳೆಗೆ ಸೇತುವೆಯಾಗಲಿ ಅಣೆಕಟ್ಟಾಗಲಿ ಇಲ್ಲದ ಕಾಲದಲ್ಲಿ, ಆಚೆ ಸೀಮೆಯ ಕಂಬಳಿ ನೇಯುವ ಮಾಳಿಂಗ ಎಂಬವನು ಹೆಂಡತಿ ಬಾಳವ್ವನೊಂದಿಗೆ ಈ ನಗರವನ್ನು ನೋಡಲು ಬಂದನಂತೆ. ವ್ಯಾಪಾರಕ್ಕಲ್ಲ, ಹರಕೆಗೂ ಅಲ್ಲ, ಬರೀ ನೋಡಲು. ಮದುವೆಯಾದ ದಿನದಿಂದ ಬಾಳವ್ವ ಆನೆ ನೋಡಬೇಕು, ಗೋಪುರ ನೋಡಬೇಕು, ನೀರಲಕೋಟೆಯ ಮಾದಲಿ ತಿನ್ನಬೇಕು ಎಂದು ಗಂಡನ ಕಿವಿ ತಿಂದಿದ್ದಳು ಎನ್ನುತ್ತಾರೆ. ಕುರಿಗಳನ್ನು ನೆರೆಯವರಿಗೆ ಒಪ್ಪಿಸಿ ಬಂದಿದ್ದರಿಂದ ಅವರಿಗೂ ಸಿಕ್ಕಿದ್ದು ಒಂದೇ ಹಗಲು. ಆಗ ಹೊಳೆ ನಡುಗಡ್ಡೆಯ ಎರಡೂ ಬದಿಗೆ ಕವಲೊಡೆದು ಹರಿಯುತ್ತಿತ್ತು. ಆಚೆಯ ಕವಲನ್ನು ಮೊಣಕಾಲುದ್ದ ನೀರಿನಲ್ಲಿ ನಡೆದೇ ದಾಟಬಹುದಿತ್ತು. ಈಚೆಯ ಕವಲು ಆಳ, ಅದಕ್ಕೆ ಹರಿಗೋಲೇ ಗತಿ. ನಡುಗಡ್ಡೆ ಮುಟ್ಟುವಷ್ಟರಲ್ಲಿ ಬಾಳವ್ವನ ಅಂಗಾಲಿಗೆ ಕಾರೆಮುಳ್ಳು ನೆಟ್ಟು ಕಾಲು ಊದಿತು. ಈಚೆ ದಂಡೆಯಿಂದ ಊರಿಗೆ ನೂರಾರು ಮೆಟ್ಟಿಲು. ಅವಳು ನಡುಗಡ್ಡೆಯ ಕಲ್ಲುಮಂಟಪದಲ್ಲಿ ಕುಳಿತು, "ಇಷ್ಟು ದೂರ ಬಂದು ಇಬ್ಬರೂ ನೋಡದ ಹೋಗೋದು ಬ್ಯಾಡ. ನೀ ಹೋಗು, ನನ್ನ ಕಣ್ಣೂ ನೀನ ತಗೊಂಡು ಹೋಗು. ಎಲ್ಲಾ ನೋಡ್ಕೊಂಡು ಬಂದು ಹೇಳು. ಬರುವಾಗ ಮಾದಲಿ ಮರೀಬ್ಯಾಡ ಮತ್ತ" ಎಂದಳಂತೆ. ಮಾಳಿಂಗ ಒಲ್ಲದ ಮನಸ್ಸಿನಿಂದಲೇ ಹರಿಗೋಲು ಹತ್ತಿದ. ಅದನ್ನು ನಡೆಸುತ್ತಿದ್ದವನು ನಮ್ಮ ಹಿರಿಯ ದುರುಗಪ್ಪ.

ಹೇಳಿದ ಮಾತಿಗೆ ತಪ್ಪದೆ ಮಾಳಿಂಗ ಊರನ್ನೆಲ್ಲ ಇಬ್ಬರ ಪಾಲಿಗೂ ನೋಡಿದ. ಗೋಪುರದ ಅಂತಸ್ತುಗಳನ್ನು ಎರಡೆರಡು ಸಲ ಎಣಿಸಿದ. ಗಜಶಾಲೆಯಲ್ಲಿ ಆನೆ ಸೊಂಡಿಲೆತ್ತಿ ನೀರು ಕುಡಿಯುವುದನ್ನು ನೋಡುತ್ತ ಅಷ್ಟು ಹೊತ್ತು ನಿಂತನೆಂದರೆ, ಮಾವುತ ಅವನನ್ನು ಹುಚ್ಚನೆಂದುಕೊಂಡನಂತೆ. ಹೊತ್ತು ನೆತ್ತಿಯಿಂದ ಸರಿದ ಮೇಲೆ ಬುತ್ತಿ ಕಟ್ಟಿಸಿಕೊಳ್ಳಲು ನಿಂಬೆವ್ವನ ಊಟದ ಮನೆಗೆ ಹೋದ. ನಿಂಬೆವ್ವನ ಕೈಯ ಮಾದಲಿಗೆ ಸೀಮೆಯಲ್ಲೆಲ್ಲ ಹೆಸರು. ಹಸಿದವರನ್ನು ಕಂಡರೆ ಕರುಳು ಚುರುಕ್ ಎನ್ನುವ ಹೆಂಗಸು. ಆದರೆ ಆ ಕಾಲದ ನೀರಲಕೋಟೆಯಲ್ಲಿ ಒಂದು ಕಟ್ಟಳೆ ಇತ್ತು. ಬುತ್ತಿ ಒಯ್ಯುವವನು ಮೊದಲು ತಾನು ಕುಳಿತು ಉಣ್ಣಬೇಕು, ಮೂರು ಸಲ ಬಡಿಸಿಕೊಳ್ಳಬೇಕು, ಆಮೇಲೆಯೇ ಬುತ್ತಿ ಕೈಗೆ. ಉಣ್ಣದೆ ಒಯ್ಯುವ ಬುತ್ತಿ ಸ್ಮಶಾನಕ್ಕೆ ಒಯ್ಯುವ ಬುತ್ತಿ ಎಂದು ನಂಬಿದ್ದರು. ಮಾಳಿಂಗ ಎಲೆಯ ಮುಂದೆ ಕುಳಿತ. ಎರಡನೆಯ ಸಲ ಬಡಿಸಿ ಮುಗಿಯುವಷ್ಟರಲ್ಲಿ ದಂಡೆಯಿಂದ ದುರುಗಪ್ಪನ ಕೂಗು ಕೇಳಿಸಿತು, "ಕೆಂಪು ನೀರು ಬಂತೋ! ಕಡೇ ಹರಿಗೋಲೋ!" ಊರಿನ ಮೇಲೆ ಮೋಡದ ಚೂರೂ ಇರಲಿಲ್ಲ. ಮಳೆ ಬಿದ್ದದ್ದು ಎಲ್ಲೋ ಮೇಲಿನ ಘಟ್ಟದಲ್ಲಿ. ಮಾಳಿಂಗ ಗಡಬಡಿಸಿ ಅರ್ಧ ಎದ್ದ. ನಿಂಬೆವ್ವ ಅವನ ಹೆಗಲ ಮೇಲೆ ಕೈಯಿಟ್ಟು, "ಇನ್ನೊಂದ ಸಲ ಬಡಸ್ತೀನಿ ತಮ್ಮಾ, ಕೂಡು. ಅರ್ಧಕ್ಕ ಎದ್ದರ ಆ ಬುತ್ತಿ ನಿನ್ನ ಹೇಣ್ತಿಗೆ ಕೇಡು" ಎಂದಳು. ಅವಳಿಗೆ ಕೇಡು ಎಂದಮೇಲೆ ಅವನು ಹೇಗೆ ಎದ್ದಾನು? ಕುಳಿತ. ಅಯ್ಯೋ, ಆ ಒಂದು ತುತ್ತಿನ ಹೊತ್ತು!

ಅವನು ಬುತ್ತಿ ಹಿಡಿದು ಮೆಟ್ಟಿಲು ಹಾರಿ ಬರುವಷ್ಟರಲ್ಲಿ ನೀರು ದಂಡೆಯ ಕಲ್ಲುಬಸವನ ಮೂಗು ಮುಟ್ಟಿತ್ತು. ಅಲ್ಲಿಗೆ ನೀರೇರಿದ ಮೇಲೆ ಹರಿಗೋಲು ಬಿಡಬಾರದೆಂಬುದು ಅಂಬಿಗರ ನಿಯಮ. ಅಲ್ಲಿಯ ತನಕ ಮಾಳಿಂಗನಿಗಾಗಿಯೇ ಕಾದಿದ್ದ ದುರುಗಪ್ಪ ನಿಯಮ ಮುರಿದೇ ಬಿಟ್ಟ. ಎರಡು ಸಲ ಇಳಿದ, ಎರಡು ಸಲವೂ ಸುಳಿ ಹರಿಗೋಲನ್ನು ಗರಗರ ತಿರುಗಿಸಿ ದಂಡೆಗೆ ಎಸೆಯಿತು. ಮೂರನೆಯ ಸಲ ಹುಟ್ಟು ಮುರಿಯಿತು, ಹರಿಗೋಲಿನ ತಳ ಹರಿಯಿತು. ನಮ್ಮ ಮನೆಯಲ್ಲಿ ಈ ಮಾತನ್ನು ಒತ್ತಿ ಹೇಳುತ್ತಾರೆ, ಅವನು ಪ್ರಯತ್ನಿಸಲಿಲ್ಲ ಎಂದು ಯಾರೂ ಅನ್ನಬಾರದೆಂದು. ಈಜಲು ಹೊರಟ ಮಾಳಿಂಗನನ್ನು ನಾಲ್ಕು ಜನ ಹಿಡಿದುಕೊಂಡರು. ಆಚೆಯ ಕವಲೂ ತುಂಬಿ ಹೋಗಿತ್ತು. ನಡುಗಡ್ಡೆಯಿಂದ ಯಾವ ಕಡೆಗೂ ದಾರಿ ಉಳಿದಿರಲಿಲ್ಲ.

ಬಾಳವ್ವ ಮಂಟಪದ ಜಗುಲಿಯ ಮೇಲೆ ಒಂಟಿ ಕಾಲಿನಲ್ಲಿ ಕಂಬ ಹಿಡಿದು ನಿಂತಿದ್ದು ಈಚೆಗೆ ಚೆನ್ನಾಗಿ ಕಾಣುತ್ತಿತ್ತು. ಮೂಗುಬೊಟ್ಟು ಬಿಸಿಲಿಗೆ ಮಿಂಚಿದ್ದೂ ಕಾಣುತ್ತಿತ್ತು ಎನ್ನುತ್ತಾರೆ. ಮಾತು ಮಾತ್ರ ದಾಟುತ್ತಿರಲಿಲ್ಲ, ನೀರಿನ ಸದ್ದು ಅಷ್ಟಿತ್ತು. ಗಂಡನನ್ನು ಕಂಡ ಕೂಡಲೆ ಅವಳು ಅಂಗೈ ತಿರುಗಿಸಿ ಕೇಳಿದಳು, ಏನೇನು ನೋಡಿದೆ? ನೀರು ಏರುವುದು ಅವಳಿಗೆ ಕಾಣುತ್ತಿರಲಿಲ್ಲವೇ? ಕಾಣುತ್ತಿತ್ತು. ಕಂಡೇ ಕೇಳಿದಳು. ಮಾಳಿಂಗ ಬುತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ತಲೆಯ ಮೇಲೆ ಜೋಡಿಸಿ ಗೋಪುರ ತೋರಿಸಿದ, ಬೆರಳೆತ್ತಿ ಅಂತಸ್ತುಗಳನ್ನು ಎಣಿಸಿದ. ತೋಳನ್ನು ಸೊಂಡಿಲು ಮಾಡಿ, ಹಿಂದೆ ಮುಂದೆ ತೂಗಿ, ಕಾಲೆತ್ತಿ ಕಾಲೆತ್ತಿ ಆನೆಯಂತೆ ನಡೆದ. ಅಷ್ಟು ಜನರ ಎದುರು ಅಳುತ್ತ ಆನೆಯಾದ! ಆಚೆ ಬಾಳವ್ವ ನಕ್ಕಳು. ನಕ್ಕು, ತಾನೂ ಒಂದು ತೋಳಿನ ಸೊಂಡಿಲು ಮಾಡಿ ತೂಗಿದಳು. ನೀರು ಆಗಲೇ ಅವಳ ಸೊಂಟಕ್ಕೆ ಬಂದಿತ್ತು. ಕಡೆಗೆ ಅವಳು ಐದೂ ಬೆರಳು ಕೂಡಿಸಿ ಬಾಯಿಯ ಹತ್ತಿರ ತಂದಳು. ಮಾದಲಿ ತಂದೆಯಾ? ಮಾಳಿಂಗ ಬುತ್ತಿಯನ್ನು ಎರಡೂ ಕೈಯಲ್ಲಿ ತಲೆಗಿಂತ ಮೇಲೆ ಎತ್ತಿ ಹಿಡಿದ. ಅವಳು ನೋಡಿದಳು, ಕತ್ತು ಆಡಿಸಿದಳು. ಆಮೇಲೆ ಕಂಬ ಇತ್ತು, ಅವಳು ಇರಲಿಲ್ಲ.

ಅವನ ಕೈಗಳನ್ನು ಇಳಿಸಲು ಯಾರಿಗೂ ಧೈರ್ಯ ಬರಲಿಲ್ಲ ಎನ್ನುತ್ತಾರೆ. ಎಸರು ಹತ್ತಿದ ಸೌಟನ್ನು ಕೈಯಲ್ಲೇ ಹಿಡಿದು ಓಡಿ ಬಂದಿದ್ದ ನಿಂಬೆವ್ವ ಅವನ ಕಾಲ ಬಳಿ ಕುಸಿದು, "ನಾ ಕೂಡ್ಸಿದ್ನೋ ತಮ್ಮಾ, ನಾನ ಕೂಡ್ಸಿದ್ನೋ" ಎಂದು ಎದೆ ಬಡಿದುಕೊಂಡಳು. ಅವನು ಅವಳನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ. ನೀರಿಳಿದ ಮೇಲೆ ಬಿಚ್ಚದ ಬುತ್ತಿಯನ್ನು ಅವಳ ಮಡಿಲಲ್ಲಿಟ್ಟು, "ಇನ್ನ ಮ್ಯಾಲೆ ಬುತ್ತಿ ಮೊದ್ಲ ಕೊಡವ್ವಾ" ಎಂದಷ್ಟೇ ಹೇಳಿ, ಬಂದ ದಾರಿಯಲ್ಲಿ ಒಬ್ಬನೇ ಹೋದನಂತೆ. ನಿಂಬೆವ್ವ ಮರುದಿನದಿಂದ ಹಾಗೆಯೇ ಮಾಡಿದಳು, ಅವಳನ್ನು ನೋಡಿ ಊರೆಲ್ಲ ಹಾಗೆಯೇ ಮಾಡಿತು. ಅವನು ನಿಂತ ಜಾಗದಲ್ಲಿ ಕಟ್ಟೆ ಕಟ್ಟಿಸಿದವಳೂ ಅವಳೇ.

ಕಟ್ಟೆಯ ಮೇಲೆ ಈಗಲೂ ಒಂದು ಕಲ್ಲಿದೆ. ಎರಡೂ ಕೈಯಲ್ಲಿ ಗಂಟೊಂದನ್ನು ತಲೆಯ ಮೇಲೆತ್ತಿದ ಗಂಡಸು, ಮುಖ ಹೊಳೆಯ ಕಡೆಗೆ. ಬಂದವರು ಯಾರೋ ಜಟ್ಟಿ ಗುಂಡೆತ್ತಿದ್ದಾನೆ ಎಂದುಕೊಂಡು, ಪಕ್ಕದಲ್ಲಿ ಅದೇ ಭಂಗಿಯಲ್ಲಿ ಮಾದಲಿಯ ಪೊಟ್ಟಣ ಎತ್ತಿ ಸೆಲ್ಫಿ ತೆಗೆದುಕೊಳ್ಳುತ್ತಾರೆ. ನಾನು ಗದರುತ್ತಿದ್ದೆ, ಈಗ ಬಿಟ್ಟಿದ್ದೇನೆ. ಮೇಲೆ ಅಣೆಕಟ್ಟು ಬಂದಮೇಲೆ ಹೊಳೆ ಸಾಧುವಾಗಿದೆ. ನಡುಗಡ್ಡೆಯ ಮಂಟಪಕ್ಕೆ ಮೋಟಾರು ದೋಣಿ ಹೋಗುತ್ತದೆ, ಅಲ್ಲಿಯೂ ದಿನವಿಡೀ ಜನ. ಈಚೆ ಯಾರಾದರೂ ಪೊಟ್ಟಣ ಎತ್ತಿ ಹಿಡಿದರೆ, ಆಚೆ ಕಂಬಕ್ಕೆ ಒರಗಿ ನಿಂತ ಯಾವಳೋ ಗುರುತಿಲ್ಲದ ಹೆಣ್ಣುಮಗಳು ನಗುತ್ತ ಕೈ ಬೀಸುತ್ತಾಳೆ. ಅಷ್ಟಾದರೆ ನನಗೆ ಅಲ್ಲಿ ನಿಲ್ಲಲು ಆಗುವುದಿಲ್ಲ, ಬೆನ್ನು ತಿರುಗಿಸಿ ಮೆಟ್ಟಿಲು ಹತ್ತಿಬಿಡುತ್ತೇನೆ.