ಹರಳು, ಕ್ಯಾಮೆರಾ ಮತ್ತು ಒಂದು ಚುಕ್ಕೆ

ಔಷಧಿ ಬಾಟಲಿಗಳ ಲೇಬಲ್ ಅಚ್ಚು ಹಾಕುವ ಯಂತ್ರವೊಂದರಲ್ಲಿ, ವಿದ್ಯುತ್ ಹರಿದಾಗ ಉಬ್ಬಿ ಶಾಯಿಯನ್ನು ಒತ್ತಿ ಹನಿಹನಿಯಾಗಿ ಉದುರಿಸುವ ಹರಳೊಂದಿತ್ತು. ಬೀಳುವ ಹನಿಗಳನ್ನು ನೋಡಿ, ಎಷ್ಟು ಒತ್ತಬೇಕೆಂದು ಹೇಳುವ ಕ್ಯಾಮೆರಾ ಅದರ ಪಕ್ಕದಲ್ಲೇ ಇತ್ತು.

"ಜೋರಾಗಿ ಒತ್ತು, ಮೆಲ್ಲಗೆ ಒತ್ತು! ಬೆಳಗಿನಿಂದ ಇದೇ ಗೋಳು," ಎಂದು ಹರಳು ಸಿಡುಕಿತು. "ನಾನು ಒತ್ತುವುದು ಕೂದಲೆಳೆಯಷ್ಟೂ ಬದಲಾಗಿಲ್ಲ. ತಪ್ಪೆಲ್ಲಿದೆ?"

"ಬದಲಾಗದ್ದೇ ತಪ್ಪು," ಎಂದಿತು ಕ್ಯಾಮೆರಾ. "ಕೋಣೆ ತಣ್ಣಗಾಗಿ ಶಾಯಿ ಮಂದವಾಗಿದೆ, ಹನಿ ಸರಿಯಾಗಿ ಬೀಳುತ್ತಿಲ್ಲ. ಎಷ್ಟು ಸಲ ಹೇಳಲಿ?"

"ಇನ್ನು ಹೇಳಲೇಬೇಡ," ಎಂದು ಹರಳು ತನ್ನ ಹಳೆಯ ಅಳತೆಯಲ್ಲೇ ಒತ್ತತೊಡಗಿತು.

ಸ್ವಲ್ಪ ಹೊತ್ತಿಗೆ ಯಂತ್ರ ನಡೆಸುವ ಜಬೀನಾ ಒಂದು ಲೇಬಲ್ ಎತ್ತಿ ನೋಡಿ ಗಾಬರಿಯಾದಳು. ಕೂಸಿಗೆ 2.5 ಎಂ.ಎಲ್. ಎಂದಿರಬೇಕಾದಲ್ಲಿ 25 ಎಂದಿತ್ತು. ನಡುವಿನ ಚುಕ್ಕೆ ಬಿದ್ದೇ ಇರಲಿಲ್ಲ.

"ಅಯ್ಯೋ, ಯಾರಾದರೂ ತಾಯಿ ಇದನ್ನು ನೋಡಿ ಕುಡಿಸಿದ್ದರೆ!" ಎಂದು ಅವಳು ಯಂತ್ರ ನಿಲ್ಲಿಸಿ, ಅಚ್ಚಾದ ಸುರುಳಿಯನ್ನೆಲ್ಲ ಹರಿದುಹಾಕಿದಳು.

ಯಂತ್ರ ಮತ್ತೆ ಶುರುವಾದಾಗ ಹರಳು ತಗ್ಗಿದ ದನಿಯಲ್ಲಿ, "ಈಗ ಎಷ್ಟು ಒತ್ತಲಿ?" ಎಂದು ಕೇಳಿತು.

"ನನಗೂ ಗೊತ್ತಿಲ್ಲ," ಎಂದಿತು ಕ್ಯಾಮೆರಾ. "ಒಂದು ಹನಿ ಹಾಕು, ನೋಡಿ ಹೇಳುತ್ತೇನೆ."