ಎಂಟು ಮುಖಗಳ ಆ್ಯಪ್

ತುಂಗಭದ್ರೆಯ ದಂಡೆಯ ಮೇಲೊಂದು ಸಣ್ಣ ಆಶ್ರಮ. ಅಲ್ಲಿನ ಗುರು ನಿರುಪಾದಯ್ಯನವರನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು. ಆ ಅಜ್ಜಾರಿಗೆ ಮರೆವಿನ ರೋಗ ಹತ್ತಿತು. ಮೊದಲು ಹೆಸರುಗಳು ಹೋದವು, ಆಮೇಲೆ ಮುಖಗಳು.

ಶಿಷ್ಯ ಕೊಟ್ರೇಶನಿಗೆ ಅದನ್ನು ನೋಡಲಾಗಲಿಲ್ಲ. ಹನ್ನೆರಡು ವರ್ಷ ಅವರ ಕಾಲಬುಡದಲ್ಲಿ ಕೂತು ಕಲಿತವನು. ವೈದ್ಯರು ಕೈಚೆಲ್ಲಿದ ಮೇಲೆ, ತಾನೇ ಏನಾದರೂ ಮಾಡಬೇಕೆಂದು ಹಟ ಹಿಡಿದ. ಆಶ್ರಮದ ಹಳೆಯ ಕಂಪ್ಯೂಟರಿನ ಮುಂದೆ ಒಂದು ಆ್ಯಪ್ ಕಟ್ಟಲು ಕೂತ.

ದೊಡ್ಡದೇನಲ್ಲ, ಎರಡೇ ಪರದೆ. ಮೊದಲನೆಯದರಲ್ಲಿ ಆಶ್ರಮಕ್ಕೆ ದಿನಾ ಬಂದುಹೋಗುವ ಎಂಟು ಜನರ ಮುಖ. ಒಂದು ಮುಖ ಒತ್ತಿದರೆ ಎರಡನೆಯ ಪರದೆ ತೆರೆದು, ಅವರು ಯಾರು, ಏನು ಎಂದು ದಪ್ಪ ಅಕ್ಷರದಲ್ಲಿ ಹೇಳಬೇಕು.

ತಿಂಗಳೊಪ್ಪತ್ತು ತಲೆ ಕೆಡಿಸಿಕೊಂಡು, ಮೊಬೈಲನ್ನು ಅಜ್ಜಾರ ಕೈಗಿಟ್ಟ.

ಅವರು ಹಾಲು ಹಾಕುವ ಈರಣ್ಣನ ಮುಖ ಒತ್ತಿದರು. "ಗಂಗವ್ವ, ಮೂವತ್ತು ವರ್ಷದಿಂದ ನಮಗೆ ಅಡುಗೆ ಮಾಡುವ ತಾಯಿ" ಎಂದು ಬಂತು. ತೋಟದ ಹುಸೇನಸಾಬನನ್ನು ಒತ್ತಿದರು. ಮತ್ತೆ ಗಂಗವ್ವ.

"ಎಲ್ಲಾರೂ ಗಂಗವ್ವನ ಏನೋ, ತಮ್ಮಾ?" ಅಜ್ಜಾರು ನಕ್ಕರು. "ನಲವತ್ತು ವರ್ಷ ನಾ ಹೇಳಿದ ವೇದಾಂತ ನಿನ್ನ ಮೊಬೈಲಿಗೆ ಒಂದ ದಿನದಾಗ ತಿಳೀತಲ್ಲ!"

ಕೊಟ್ರೇಶನಿಗೆ ನಾಚಿಕೆಯಾಯಿತು. "ತಪ್ಪು ನಂದರೀ ಅಜ್ಜಾರ. ಯಾರ ಮುಖ ಒತ್ತಿದ್ರಿ ಅಂತ ಮೊದಲನೇ ಪರದೆ ಎರಡನೇದಕ್ಕ ಹೇಳಿ ಕಳಸಬೇಕು. ಅದನ್ನ ಬರಿಯೂದು ಮರ್ತೀನಿ. ಹೇಳಿ ಕಳಸಲಿಲ್ಲಂದ್ರ ಎರಡನೇದು ಪಟ್ಟಿಯಾಗ ಮೊದಲಿರೂ ಗಂಗವ್ವನ್ನ ತೋರಸತೈತಿ, ಅದಕ್ಕ ಬ್ಯಾರೆ ಏನೂ ಗೊತ್ತಾಗೂದಿಲ್ಲ."

ಅಜ್ಜಾರ ನಗು ಇಳಿಯಿತು.

"ನಂದೂ ಹಂಗ ಆಗೈತಿ. ನಿನ್ನಿಯಾಂವ ಇವತ್ತಿನಾಂವಗ ಏನೂ ಹೇಳಿ ಕಳಸವಲ್ಲ. ಅದನ್ನ ರಿಪೇರಿ ಮಾಡ್ತೀಯೇನು?"

ಕೊಟ್ರೇಶ ಆ್ಯಪನ್ನಷ್ಟೇ ಸರಿಮಾಡಿದ.

ನಾಲ್ಕು ದಿನ ಎಲ್ಲ ಸುಸೂತ್ರ. "ಗಂಗವ್ವಾ, ನಿನ್ನ ಮಗಳ ಬಾಣಂತನ ಹೆಂಗ ನಡದೈತಿ?" ಎಂದು ಅಜ್ಜಾರು ಕೇಳಿದ ದಿನ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಾಗಿಲ ಬಳಿ ನಿಂತಿದ್ದ ಕೊಟ್ರೇಶನಿಗೆ ಸ್ವರ್ಗ ಮೂರೇ ಗೇಣು.

ಆದರೆ ರೋಗ ನಿಲ್ಲಲಿಲ್ಲ. ಒಂದು ಪರದೆಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲೇ, ಯಾರ ಮುಖ ಒತ್ತಿದ್ದು ಎನ್ನುವುದು ಅಜ್ಜಾರಿಗೆ ಮರೆಯತೊಡಗಿತು. ಕೊಟ್ರೇಶ ಎರಡನೆಯ ಪರದೆಯಲ್ಲೂ ಮುಖ ಸೇರಿಸಿದ. ಅಕ್ಷರ ಇನ್ನೂ ದೊಡ್ಡದು ಮಾಡಿದ. ಹೆಸರನ್ನು ಕೂಗಿ ಹೇಳುವಂತೆ ಮಾಡಿದ. ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಹೆಸರು ಕೇಳಿದ ಮೇಲೂ ಅಜ್ಜಾರು ಎದುರಿಗೆ ನಿಂತವರನ್ನು ನೋಡಿ, "ಇವರ್ಯಾರು?" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಕೊಟ್ರೇಶ ಗಂಜಿ ತಂದು ಮುಂದಿಟ್ಟ. ಅಜ್ಜಾರು ಅವನ ಮುಖ ನೋಡಿದರು. ಮೊಬೈಲ್ ನೋಡಿದರು. ಎಂಟೂ ಮುಖಗಳ ಮೇಲೆ ಒಂದೊಂದಾಗಿ ಬೆರಳಾಡಿಸಿ, ಮತ್ತೆ ಅವನನ್ನೇ ನೋಡಿದರು.

"ಇದರಾಗ ನೀವು ಇಲ್ಲಲ್ಲರೀ. ಯಾವ ಊರಿಂದ ಬಂದ್ರಿ?"

ತನ್ನ ಮುಖವನ್ನು ಕೊಟ್ರೇಶ ಆ್ಯಪಿನಲ್ಲಿ ಹಾಕಿರಲೇ ಇಲ್ಲ. ಯಾರನ್ನು ಮರೆತರೂ ತನ್ನನ್ನು ಮರೆಯಲಾರರು ಎಂದು ನಂಬಿದ್ದ. ಹನ್ನೆರಡು ವರ್ಷದಲ್ಲಿ ಅಜ್ಜಾರು ಅವನನ್ನು ಬೈದಿದ್ದರು, ಕಿವಿ ಹಿಂಡಿದ್ದರು, ಹೊರಗಿನವರಿಗೆ ಕೊಡುವ ಈ 'ನೀವು' ಎನ್ನುವ ಮರ್ಯಾದೆಯನ್ನು ಮಾತ್ರ ಒಮ್ಮೆಯೂ ಕೊಟ್ಟಿರಲಿಲ್ಲ.

"ನಾ ಕೊಟ್ರೇಶರೀ, ನಿಮ್ಮ ಶಿಷ್ಯ. ಹನ್ನೆರಡು ವರ್ಷ ನಿಮ್ಮ ಹತ್ರ ಕಲ್ತೀನಿ."

"ಹೌದೇನು?" ಅಜ್ಜಾರ ಕಣ್ಣು ಅರಳಿದವು. "ನಾ ಏನ ಕಲಿಸಿದ್ನಿ? ಹೇಳ್ರಿ, ನಾನೂ ಕಲೀತೀನಿ."

ಕೊಟ್ರೇಶ ಬಾಯಿ ತೆರೆದ. ಅಜ್ಜಾರ ಪ್ರವಚನಗಳೆಲ್ಲ ದಿನ, ವಾರ ಸಮೇತ ರೆಕಾರ್ಡ್ ಆಗಿ ಅದೇ ಮೊಬೈಲಿನಲ್ಲಿದ್ದವು. ಅಭ್ಯಾಸಬಲದಿಂದ ಅವನ ಕೈ ಅತ್ತ ಹೋಯಿತು.

ಅಜ್ಜಾರು ಮೊಬೈಲನ್ನು ಎತ್ತಿ ತಮ್ಮ ತೊಡೆಯ ಕೆಳಗೆ ಇಟ್ಟುಕೊಂಡರು.

"ಅದನ್ನ ಕೇಳಲಿಲ್ಲರೀ. ನಿಮ್ಮನ್ನ ಕೇಳಿದೆ."

ಕೊಟ್ರೇಶ ಒಳಗೆಲ್ಲ ತಡಕಾಡಿದ. ತನ್ನದು ಎನ್ನಬಹುದಾದ ಒಂದೇ ಒಂದು ಮಾತೂ ಬರಲಿಲ್ಲ. ಕುಸಿದು ಕೂತು ಅತ್ತ. ಗುರುವನ್ನು ಕಳೆದುಕೊಂಡೆ ಎಂದು ಅಳುತ್ತಿದ್ದನೋ, ಅವರು ಕೊಟ್ಟದ್ದನ್ನು ಎಂದೂ ಪಡೆಯಲೇ ಇಲ್ಲ ಎಂದೋ, ಅವನಿಗೇ ತಿಳಿಯಲಿಲ್ಲ.

ಅಜ್ಜಾರು ಚಾಪೆಯ ಮೇಲೆ ಪಕ್ಕಕ್ಕೆ ಸರಿದು ಅವನಿಗೆ ಜಾಗ ಮಾಡಿದರು.

"ಅಳಬ್ಯಾಡ್ರಿ. ಮರ್ತಾಂವ ನಾ ಒಬ್ಬನ ಅಂತ ತಿಳಿದಿದ್ದೆ. ಇಲ್ಲೇ ಬಾಜೂಕ ಕುಂದರ್ರಿ, ಇಬ್ಬರಾಗ ಯಾರಿಗೆ ಮೊದಲ ನೆನಪಾಗತೈತಿ ನೋಡೂಣು."