ಬೇಬಿ ಮಿಸ್ರಿಯ ಹೆಸರು

"ಅಜ್ಜಾರ, ನನ್ನ ಮಗಳು ಭಜನಿ ಹಾಡತಾಳ, ಮಂದಿ ತಲಿ ತೂಗತಾರ. ನಾನು ಅಂಗಡಿ ಮುಚ್ಚಿ ಆಕಿನ್ನ ಕರಕೊಂಡು ಊರೂರು ತಿರಗತೀನಿ. ಮಗಳ ದುಡಿಮಿಯಿಂದ ಮನಿ ನಡೆದರ ಅದು ಆಕಿ ಪುಣ್ಯ ಅಲ್ಲೇನ್ರಿ?" ಎಂದು ಶಿಷ್ಯನೊಬ್ಬ ಗುರುಗಳನ್ನು ಕೇಳಿದ.

ಕೋಪ ಬಂದಾಗ ಕತೆ ಹೇಳುವುದು ಗುರುಗಳ ರೂಢಿ. ಅಂದು ಹೇಳಿದ ಕತೆ ಇದು.

ಸಿನಿಮಾ ಆಗತಾನೇ ಮಾತು ಕಲಿತಿದ್ದ ಕಾಲ. ನಮ್ಮ ಕಡೆಯ ನಾಟಕ ಕಂಪನಿಯೊಂದರಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದವನೊಬ್ಬ, ಕಂಪನಿ ಮುಳುಗಿದ ಮೇಲೆ ಹೆಂಡತಿಯನ್ನೂ ಮಗಳನ್ನೂ ಕಟ್ಟಿಕೊಂಡು ಮುಂಬೈ ಸೇರಿದ. ಹೆಂಡತಿ ಅಲ್ಲಿ ಜ್ವರ ಬಂದು ತೀರಿಕೊಂಡಳು. ಇವನಿಗೆ ಕೆಲಸ ಸಿಗಲಿಲ್ಲ, ಮಗಳಿಗೆ ಸಿಕ್ಕಿತು. ಹಿಂದಿ ಚಿತ್ರ ತೆಗೆಯುವ ಕಂಪನಿಯೊಂದರ ಬಾಗಿಲಲ್ಲಿ ಅಪ್ಪನ ಕೈ ಹಿಡಿದು ನಿಂತಿದ್ದ, ಇನ್ನೂ ತೊದಲುವ ಕೂಸು ಕಂಪನಿಯ ಒಡೆಯರಾದ ಸೇಠರ ಕಣ್ಣಿಗೆ ಬಿತ್ತು.

ಆಗ ಮಕ್ಕಳು ಸಿನಿಮಾ ಸೇರಿದರೆ ಹುಡುಗನಾದರೆ ಮಾಸ್ಟರ್, ಹುಡುಗಿಯಾದರೆ ಬೇಬಿ ಎಂದು ಹೆಸರಿಗೆ ಜೋಡಿಸುವುದು ಪದ್ಧತಿ. ಬೇಬಿ ಎಂದರೆ ಕೂಸು. ಸೇಠರು ಇವಳಿಗೆ ಬೇಬಿ ಮಿಸ್ರಿ ಎಂದು ಹೆಸರಿಟ್ಟರು. ಮಿಸ್ರಿ ಎಂದರೆ ಕಲ್ಲುಸಕ್ಕರೆ. ಅಂದಿನಿಂದ ಅಪ್ಪ ಮನೆಯಲ್ಲೂ ಮಗಳನ್ನು ಬೇಬಿ ಎಂದೇ ಕರೆದ. ಹಾಗೆ ಕರೆಯುವಾಗ ಅವನ ಎದೆ ಉಬ್ಬುತ್ತಿತ್ತು.

ಹುಡುಗಿಗೆ ಹಿಂದಿ ಬಾರದು. ಅರ್ಥ ತಿಳಿಯದ ಮಾತುಗಳನ್ನು ಗಿಣಿಪಾಠ ಒಪ್ಪಿಸುತ್ತಿದ್ದಳು. ಅಳುವ ದೃಶ್ಯವಿದ್ದ ದಿನ ಅಪ್ಪ ಬೆಳಿಗ್ಗೆ ಹಾಲು ಕೊಡುತ್ತಿರಲಿಲ್ಲ. ಹಸಿದ ಮಗು ಚೆನ್ನಾಗಿ ಅಳುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಅಳು ನೋಡಿ ಊರಿಗೆ ಊರೇ ಕಣ್ಣೊರೆಸಿಕೊಂಡಿತು. ಎಂಥ ಪುಣ್ಯಾತ್ಮರು ನೋಡು. ಮಗು ಯಾಕೆ ಅಳುತ್ತಿದೆ ಎಂದು ಒಬ್ಬರೂ ಕೇಳಲಿಲ್ಲ.

ಅವಳ ಆಸೆ ಒಂದೇ, ದೊಡ್ಡವಳಾಗುವುದು. ಓಣಿಯ ಹುಡುಗಿಯರು ಪಾಟಿ ಹಿಡಿದು ಸಾಲೆಗೆ ಹೋಗುವುದನ್ನು ಕಿಟಕಿಯಿಂದ ನೋಡುತ್ತಿದ್ದಳು. ಅವರಷ್ಟು ಎತ್ತರವಾದರೆ ತನ್ನನ್ನೂ ಕಳಿಸುತ್ತಾರೆ ಎಂದುಕೊಂಡಿದ್ದಳು. ಅಪ್ಪನಿಗೆ ಅದೇ ಭಯ. ಎತ್ತರ ಬೆಳೆದಾಳೆಂದು ಅವಳ ರಾತ್ರಿಯ ಊಟಕ್ಕೆ ಕತ್ತರಿ ಹಾಕಿದ. ಗಿಡ್ಡ ಫ್ರಾಕನ್ನೇ ತೊಡಿಸಿದ. ಬೆಳೆಯುವ ಮಗುವಿಗೆ ಬೆಳೆಯಬೇಡ ಎನ್ನುವವನನ್ನು ಅಪ್ಪ ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಆದರೂ ಅವಳು ಬೆಳೆದಳು. ಒಂದು ದಿನ ಚಿತ್ರದ ನಾಯಕ ಅವಳನ್ನು ಎತ್ತಿಕೊಂಡು ಓಡಲಾರದೆ ಏದುಸಿರು ಬಿಟ್ಟ. ಸೇಠರು ಅದನ್ನು ನೋಡಿದರು. ಮರುದಿನ ಅಪ್ಪ ಮಗಳು ಕಂಪನಿಗೆ ಹೋದಾಗ ಅವಳ ಕುರ್ಚಿಯಲ್ಲಿ ಮತ್ತೊಂದು ಕೂಸು ಕೂತಿತ್ತು. ಅದನ್ನೂ ಎಲ್ಲರೂ ಬೇಬಿ ಮಿಸ್ರಿ ಎಂದೇ ಕರೆಯುತ್ತಿದ್ದರು. ಅಪ್ಪ ಕೈಮುಗಿದು ಕೇಳಿದ. ಹೆಸರು ಕಂಪನಿಯದು, ಜನರಿಗೆ ಬೇಕಾದದ್ದು ಬೇಬಿ, ನಿನ್ನ ಮಗಳನ್ನು ಯಾರು ಕೇಳಿದರು ಎಂದು ಸೇಠರು ಸಾಗಹಾಕಿದರು.

ದಾರಿಯುದ್ದಕ್ಕೂ ಅಪ್ಪ ಸೇಠರನ್ನು ಬೈಯುತ್ತ ನಡೆದ. ಹುಡುಗಿಗೆ ಮಾತ್ರ ಒಳಗೊಳಗೇ ಖುಷಿ. ಇನ್ನು ಸಾಲೆಗೆ ಹೋಗಬಹುದು. ಸಾಲೆಯಲ್ಲಿ ಮೊದಲು ಹೆಸರು ಕೇಳುತ್ತಾರೆ ಎಂದು ಓಣಿಯ ಹುಡುಗಿಯರು ಹೇಳಿದ್ದರು. ಮನೆ ಮುಟ್ಟಿದ ಕೂಡಲೇ ಕೇಳಿದಳು.

"ಅಪ್ಪಾ, ಆ ಹೆಸರ ಅಕಿಗೆ ಹೋತಲ್ಲ, ನನ್ನ ಖರೇ ಹೆಸರ ಏನು?"

ಅಪ್ಪ ಬಾಯಿ ತೆರೆದ. ಹೆಸರು ಬರಲಿಲ್ಲ. ತೊಟ್ಟಿಲಿಗೆ ಹಾಕಿದ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಉಸುರಿದ್ದಳು. ಅಪ್ಪ ಆಗ ನಾಟಕದ ತಾಲೀಮಿನಲ್ಲಿದ್ದ. ಆಮೇಲೆ ಹೆಸರು ಹಿಡಿದು ಕರೆಯುತ್ತಿದ್ದವಳು ಹೆಂಡತಿ ಒಬ್ಬಳೇ. ಅವಳು ಹೋದ ಮೇಲೆ ಆ ಹೆಸರು ಯಾರ ಬಾಯಲ್ಲೂ ಬಂದಿರಲಿಲ್ಲ.

"ಗಂಗವ್ವನೋ ಗೌರವ್ವನೋ ಇರಬೇಕು. ಊರಿಗೆ ಹೋದಾಗ ನಿಮ್ಮ ಅತ್ತೀನ್ನ ಕೇಳೋಣಂತ."

ಹಾಗೆಂದವನು ನೆಲದ ಮೇಲೆ ಕುಸಿದು ಅಳತೊಡಗಿದ. ಮಗಳ ಹೆಸರು ಮರೆತೆನಲ್ಲಾ ಎಂದು ಅತ್ತಿದ್ದರೆ ನಾನೂ ಕ್ಷಮಿಸುತ್ತಿದ್ದೆ. ನಾಳೆ ನನ್ನ ಹೊಟ್ಟೆಗೇನು ಗತಿ ಎಂದು ಹಲುಬಿದ. ಹುಡುಗಿ ಫ್ರಾಕಿನ ಅಂಚಿನಿಂದ ಅವನ ಕಣ್ಣೊರೆಸಿದಳು. ಗಡಿಗೆಯಲ್ಲಿದ್ದ ಅನ್ನ ಬಡಿಸಿ, ರಮಿಸಿ ಉಣ್ಣಿಸಿದಳು. ಅವನ ಕಣ್ಣು ಹತ್ತಿದ ಮೇಲೆ ಬಾಗಿಲು ಎಳೆದುಕೊಂಡು, ಇನ್ನೊಂದು ಕಂಪನಿಯಲ್ಲಿ ಹಿಂದಿನ ಸಾಲಿನಲ್ಲಿ ಕುಣಿಯುವ ಕೆಲಸವಾದರೂ ಸಿಕ್ಕೀತೇ ಎಂದು ಕೇಳಲು ಒಬ್ಬಳೇ ಹೊರಟಳು. ಸಾಲೆ ದಾರಿಯಲ್ಲೇ ಇತ್ತು. ಅವಳು ಅಲ್ಲಿ ನಿಲ್ಲಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಡೆದು ತಡೆದು, ಹಾಗಾದರೆ ಪುಣ್ಯ ಆ ಹುಡುಗಿಯದೇ ಆಯಿತಲ್ಲ ಎಂದ. ಗುರುಗಳು ಅವನ ಮುಖವನ್ನೇ ನೋಡಿದರು.

"ಪುಣ್ಯದ ಮಾತು ಆಮ್ಯಾಲಿರಲಿ, ಆ ಮನ್ಯಾಗ ಬೇಬಿ ಯಾರು, ಮೊದಲು ಅದನ್ನ ಹೇಳು."